ಹಿಡಿದುಕೊಳ್ಳಿ, ಭಾರ ಹಾಕಬೇಡಿ

(ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಮನೆಯೊಂದರಲ್ಲಿರುವ ಬಿಳಿ ಪ್ಲಾಸ್ಟಿಕ್ ಕುರ್ಚಿಯ ಕಾಲ್ಪನಿಕ ಸಂದರ್ಶನ. ಮೂಲತಃ ಶಾಮಿಯಾನದವರದು. ಯಾವುದೋ ಮದುವೆಗೆ ಬಂದದ್ದು ವಾಪಸು ಹೋಗಲೇ ಇಲ್ಲ. ಸದ್ಯದ ಹುದ್ದೆ: ಮನೆಯ ಸೊಸೆಯ ವ್ಯಾಯಾಮಕ್ಕೆ ಆಸರೆ.)

ಕುರ್ಚಿಯವರೇ, ನಿಮ್ಮನ್ನು ಹಿಡಿಯಲು ವಿಧಾನಸೌಧದಲ್ಲಿ ಎಷ್ಟೊಂದು ಜನ ಕಾದಿರುತ್ತಾರೆ. ಇಲ್ಲಿ ಹೇಗಿದೆ?

ಅಲ್ಲಿಯವರು ನನ್ನನ್ನು ಹಿಡಿಯೋದು ಕೂರೋಕೆ. ನಮ್ಮ ಅಕ್ಕ ಹಿಡಿಯೋದು ಕೂರದೇ ಇರೋಕೆ. ಇಪ್ಪತ್ತು ನಿಮಿಷಕ್ಕೆ ಬಿಟ್ಟೂ ಬಿಡ್ತಾರೆ. ಆ ಮಟ್ಟಿಗೆ ನಾನು ಪುಣ್ಯವಂತ.

ಏನದು ವ್ಯಾಯಾಮ?

ಬ್ಯಾಲೆ ಕುಣಿಯೋರು ಗೋಡೆ ಪಕ್ಕದ ಅಡ್ಡಕಂಬಿ ಹಿಡಿದು ಅಭ್ಯಾಸ ಮಾಡ್ತಾರಲ್ಲ, ಅದರಿಂದ ಹುಟ್ಟಿದ್ದು. ಬಾರ್ ವ್ಯಾಯಾಮ ಅಂತಾರೆ. ಲೋಟೆ ಬರ್ಕ್ ಅಂತ ಒಬ್ಬ ನರ್ತಕಿ, 1913ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಹುಟ್ಟಿದೋರು. ನಾಜಿಗಳ ಕಾಟಕ್ಕೆ ಲಂಡನ್ ಸೇರಿದರು. ಬೆನ್ನಿಗೆ ಪೆಟ್ಟಾಯಿತು. ಬೆನ್ನು ಸರಿಪಡಿಸೋ ಕಸರತ್ತನ್ನೂ ಬ್ಯಾಲೆ ಅಭ್ಯಾಸವನ್ನೂ ಬೆರೆಸಿ, 1959ರಲ್ಲಿ ಲಂಡನ್ನಿನ ಮ್ಯಾಂಚೆಸ್ಟರ್ ಸ್ಟ್ರೀಟಿನಲ್ಲಿ ಪಾಠ ಶುರುಮಾಡಿದರು. ಶಿಷ್ಯೆ ಲಿಡಿಯಾ ಬ್ಯಾಕ್ ಅದನ್ನ ನ್ಯೂಯಾರ್ಕಿಗೆ ಒಯ್ದರು. ಅಲ್ಲಿಂದ ಯೂಟ್ಯೂಬಿಗೆ ಬಂತು, ಯೂಟ್ಯೂಬಿಂದ ಕಾಮಸಮುದ್ರಕ್ಕೆ. ಕಂಬಿ ಮಾತ್ರ ಬರಲಿಲ್ಲ. ನನ್ನನ್ನ ಕಂಬಿ ಮಾಡಿದರು.

ಇಷ್ಟು ಗಾಳಿ ಬೆಳಕಿರುವ ಊರಿನಲ್ಲಿ ಮನೆಯೊಳಗೇ ಯಾಕೆ? ವಾಕಿಂಗ್ ಹೋಗಬಾರದೆ?

ಆನೆಗಳನ್ನ ಕೇಳಿ ಸ್ವಾಮಿ. ಆಂಧ್ರ, ತಮಿಳುನಾಡಿನ ಗಡಿ ದಾಟಿ ನಮ್ಮ ಹೋಬಳಿಗೆ ಅವು ಬರೋದು ಹೊಸದೇನಲ್ಲ. ಆನೆ ಬಂದಿದೆ ಅಂತ ಸುದ್ದಿ ಬಂದ ದಿನ ನಸುಕಿನಲ್ಲಿ ತೋಟದ ದಾರಿ ಹಿಡಿಯೋಕೆ ಯಾರಿಗೆ ಧೈರ್ಯ? ಆನೆ ಇಲ್ಲದ ದಿನ ಊರವರ ಕಣ್ಣಿರುತ್ತೆ: ‘ಎಲ್ಲಿಗೆ ಹೊರಟೆಯಮ್ಮ ಇಷ್ಟು ಬೆಳಿಗ್ಗೆ?’ ಆನೆಯಾದರೂ ಪ್ರಶ್ನೆ ಕೇಳಲ್ಲ.

ಮನೆಯಲ್ಲಿ ಬಿಡುವಾದರೂ ಯಾವಾಗ?

ಯಜಮಾನರು ರೈಲಿಗೆ ಹೋದ ಮೇಲೆ. ಅವರ ಅಪ್ಪ ಕೆಜಿಎಫ್ ಗಣಿಯಲ್ಲಿದ್ದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ಮನೆಯ ಅನ್ನ ಬೆಂಗಳೂರಿಗೆ ಹೋಯಿತು. ದಿನಾ ಕಂಬಿ ಹಿಡಿದು ಒಂಟಿ ಕಾಲಲ್ಲಿ ಪ್ರಯಾಣ. ನಿಜವಾದ ಬಾರ್ ವ್ಯಾಯಾಮ ಮಾಡೋರು ಅವರೇ, ಸರ್ಟಿಫಿಕೇಟ್ ಕೊಡೋರಿಲ್ಲ ಅಷ್ಟೆ.

ಸರಿ, ವಿಡಿಯೊ ಆರಿಸುವುದು ಹೇಗೆ ನಡೆಯುತ್ತದೆ?

(ಕುರ್ಚಿಯ ಒಂದು ಕಾಲು ಅಲುಗಿತು.) ಅದೇ ದೊಡ್ಡ ಕಸರತ್ತು ನೋಡಿ. ಮೊಬೈಲನ್ನ ಉಪ್ಪಿನ ಡಬ್ಬಕ್ಕೆ ಒರಗಿಸಿ ಅಕ್ಕ ನನ್ನ ಮೇಲೇ ಕೂತು ಆರಿಸ್ತಾರೆ. ‘ಹತ್ತೇ ದಿನದಲ್ಲಿ ಸೊಂಟ ಕರಗಿಸಿ’ ಅಂತ ಒಂದು. ಸೊಂಟದ ಕೊಬ್ಬನ್ನಷ್ಟೇ ಬೇಕಾದ ಹಾಗೆ ಕರಗಿಸೋ ಕಸರತ್ತು ಭೂಮಿ ಮೇಲಿಲ್ಲ, ಆದರೂ ಹೆಚ್ಚು ಜನ ನೋಡೋದು ಅದನ್ನೇ. ಇನ್ನೊಂದು ಒಂದು ಗಂಟೆಯದು. ‘ನಾಳೆಗಿರಲಿ’ ಅಂತ ಕೂಡಿಟ್ಟರು. ಮೂರನೆಯದರಲ್ಲಿ ಟೀಚರು ಚೆನ್ನಾಗಿದ್ದಾರೆ, ಆದರೆ ಅವರ ಹಿಂದಿನ ಕಿಟಕಿ ಪರದೆ ಇನ್ನೂ ಚೆನ್ನಾಗಿದೆ. ಅಕ್ಕ ಪರದೆಯ ಬೆಲೆ ಹುಡುಕೋಕೆ ಹೋದರು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಆ ದಿನದ ವ್ಯಾಯಾಮ ಮುಗೀತು, ಬೆವತಿದ್ದು ಬ್ಯಾಟರಿ.

ನಿಮ್ಮ ಸಲಹೆ?

ನಾಲ್ಕು ಕಾಲಿದ್ದೋನು, ಹೇಳಿಯೇಬಿಡ್ತೀನಿ. ಇಪ್ಪತ್ತು ನಿಮಿಷಕ್ಕಿಂತ ಉದ್ದದ್ದು ಮೊದಲು ಬೇಡ. ಕ್ಯಾಮೆರಾ ಟೀಚರ ಮುಖಕ್ಕಿಂತ ಪಾದಕ್ಕೆ ಹೆಚ್ಚು ಮರ್ಯಾದೆ ಕೊಡಬೇಕು. ಮಂಡಿ ಬೆರಳಿನ ದಿಕ್ಕಿಗೇ ಬಾಗಿದೆಯಾ ಅನ್ನೋದು ಅಲ್ಲೇ ಕಾಣೋದು. ‘ಮಂಡಿ ನೋವಿದ್ದರೆ ಇಷ್ಟೇ ಬಗ್ಗಿ’ ಅಂತ ಹೇಳೋ ಟೀಚರ್ ಬೇಕು, ಬರೀ ‘ಇನ್ನೂ, ಇನ್ನೂ’ ಅಂತ ಕೂಗೋರಲ್ಲ. ಈ ವ್ಯಾಯಾಮದಲ್ಲಿ ಹಾರೋದು, ಓಡೋದು ಕಡಿಮೆ. ಕಾಲು ಬಾಗಿಸಿ ಅಲ್ಲೇ ನಿಂತು ಒಂದಂಗುಲ ಮೇಲೆ, ಒಂದಂಗುಲ ಕೆಳಗೆ. ನೋಡೋರಿಗೆ ಏನೂ ಮಾಡ್ತಿಲ್ಲ ಅನ್ಸುತ್ತೆ, ಮಾಡೋರ ತೊಡೆ ನಡುಗುತ್ತೆ. ಆ ನಡುಕ ನನಗೂ ಬರುತ್ತೆ. ಸರಿಯಾಗಿ ಅದೇ ಹೊತ್ತಿಗೆ ಜಾಹೀರಾತು! ಅಕ್ಕ ಎತ್ತಿದ ಕಾಲು ಎತ್ತೇ ಇರ್ತಾರೆ, ಮೊಬೈಲಲ್ಲಿ ಯಾರೋ ಗೃಹಸಾಲ ಕೊಡ್ತಿರ್ತಾರೆ. ಅದಕ್ಕೇ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ ಅನ್ನೋದು.

ಸಾಮಾನು ಸರಂಜಾಮು?

ತೂಕ ಎತ್ತೋಕೆ ನೀರಿನ ಬಾಟಲಿ ಸಾಕು. ಒಂದು ಲೀಟರಿನದು ಅಂದರೆ ಒಂದು ಕಿಲೋ. ಅರ್ಧ ಲೀಟರಿನದರಿಂದ ಶುರು ಮಾಡಿ. ವಿಡಿಯೊದಲ್ಲಿ ಚೆಂಡು ಕೇಳಿದರೆ ಮಡಿಚಿದ ಟವಲ್. ಟೈಲ್ಸ್ ನೆಲದ ಮೇಲೆ ಸಾಕ್ಸ್ ಬೇಡ, ಜಾರುತ್ತೆ. ಬರಿಗಾಲೇ ವಾಸಿ.

ಅತ್ತೆಯವರ ಅಭಿಪ್ರಾಯ?

ಹಿಮ್ಮಡಿ ಜೋಡಿಸಿ, ಬೆರಳು ಹೊರಗೆ ತಿರುಗಿಸಿ ಅಕ್ಕ ಮಂಡಿ ಬಗ್ಗಿಸಿದಾಗ, ‘ಇದು ಭರತನಾಟ್ಯದ ಅರೆಮಂಡಿ ಅಲ್ವೇನೇ, ಇದಕ್ಕೆ ಲಂಡನ್ ಯಾಕೆ’ ಅಂದರು. ಮಾತು ಪೂರ್ತಿ ಸುಳ್ಳಲ್ಲ. ಬಾಟಲಿ ಎತ್ತಿದಾಗ ಮಾತ್ರ ಸುಮ್ಮನಿರಲಿಲ್ಲ. ‘ರೇಷ್ಮೆ ಹುಳ ಸಾಕೋ ಕಾಲದಲ್ಲಿ ಹುಳ ಗೂಡು ಕಟ್ಟೋ ಚಂದ್ರಿಕೆ ಎತ್ತಿ ಎತ್ತಿ ನನ್ನ ಭುಜವೇ ಹೋಯಿತು, ನಾನು ಯಾವ ವಿಡಿಯೊ ನೋಡಿದ್ದೆ?’ ಅಂತ. ಅತ್ತೆಗೆ ಎದುರು ಹೇಳೋ ಜಾತಿ ನಮ್ಮದಲ್ಲ. ಆದರೆ ಭುಜ ಹೋಗಿರೋದೇ ಉತ್ತರ ಅಲ್ವಾ? ದುಡಿಮೆ ದೇಹವನ್ನ ಸವೆಸುತ್ತೆ, ಕಟ್ಟೋಕೆ ಬೇರೆ ಹೊತ್ತು ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಆಡಿಸಿ, ಎರಡು ದಿನವಾದರೂ ಸ್ನಾಯು ಬಲಪಡಿಸಿ ಅನ್ನುತ್ತೆ. ಅತ್ತೆಗೂ ಅನ್ವಯ. ಅವರೀಗ ಕದ್ದು ಹಿಮ್ಮಡಿ ಎತ್ತೋದನ್ನ ನಾನು ನೋಡಿದ್ದೀನಿ. ಬರೀಬೇಡಿ.

ಬರೆಯುವುದಿಲ್ಲ. ತೂಕ ಇಳಿದಿದೆಯೆ?

ಸಂಜೆ ರೈಲಲ್ಲಿ ಬರೋ ಯಜಮಾನರು ಬಂಗಾರಪೇಟೆಯಿಂದ ಪಾನಿಪುರಿ ಪಾರ್ಸೆಲ್ ತರ್ತಾರೆ. ಮುಂದಿನ ಪ್ರಶ್ನೆ.

ಕೊನೆಯದಾಗಿ ಓದುಗರಿಗೆ ಏನಾದರೂ?

ಮೊದಲು ಕಂಡ ಸುಮಾರಾದ ವಿಡಿಯೊ ಒಂದನ್ನ ಹಿಡಿದು ಒಂದು ತಿಂಗಳು ಅದನ್ನೇ ಮಾಡಿ. ಆಮೇಲೆ ಬೇಕಿದ್ದರೆ ಬದಲಿಸಿ. ಮತ್ತೆ, ನಾನು ಹಗುರ. ಭಾರ ಬಿಟ್ಟರೆ ಮಗುಚಿ ಬೀಳ್ತೀನಿ, ನಿಮ್ಮನ್ನೂ ಬೀಳಿಸ್ತೀನಿ. ನನ್ನನ್ನ ಗೋಡೆಗೆ ಒತ್ತಿಸಿಟ್ಟು ಎರಡು ಬೆರಳಲ್ಲಿ ಹಿಡಿಯಿರಿ. ಇಲ್ಲವೇ ನನ್ನನ್ನ ಬಿಟ್ಟು ಅಡುಗೆಮನೆ ಕಟ್ಟೆಯನ್ನೋ ಕಿಟಕಿ ಸರಳನ್ನೋ ಹಿಡಿಯಿರಿ, ನನಗೇನೂ ಬೇಜಾರಿಲ್ಲ.