ಕಚೇರಿಯ ಕಪ್ಪೆ: ಹೊಯ್ಸಳ ಸೀಮೆಯ ನೌಕರರ ಒಳಮನಸ್ಸಿನ ಕುರಿತು ಶಾಸ್ತ್ರೀಯ ವಿವೇಚನೆ

ಕೆಲಸದ ಜಾಗದಲ್ಲಿ ಮನಸ್ಸು ಬಿಚ್ಚಿ ಮಾತಾಡುವುದೆಂದರೆ, 'ಹೇಗಿದ್ದೀರಿ?' ಎಂದು ಕೇಳಿದವರಿಗೆ ಇದ್ದದ್ದನ್ನು ಇದ್ದಂತೆ ಹೇಳುವುದು. ಅರಸೀಕೆರೆ, ಬೇಲೂರು, ಹಳೇಬೀಡುಗಳ ನಡುವಿನ ಸೀಮೆಯಲ್ಲಿ ಇಂಥ ಘಟನೆ ಇದುವರೆಗೆ ಖಚಿತವಾಗಿ ದಾಖಲಾಗಿಲ್ಲ. ಇಲ್ಲಿನ ಕಚೇರಿಗಳಲ್ಲಿ ಆ ಪ್ರಶ್ನೆಗೆ ಮೂರು ಉತ್ತರಗಳು ರೂಢಿಯಲ್ಲಿವೆ: 'ಹ್ಞೂ, ನಡೀತಾ ಇದೆ', 'ಏನೋ ಹಿಂಗಿದೀವಿ', 'ನೀವೇ ಹೇಳ್ಬೇಕು'. ಮೂರನೆಯದು ಉತ್ತರವೇ ಅಲ್ಲ. ಬಂದ ಕಡತವನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಕ್ರಮ. ಕೇಳಿದವರೂ ಉತ್ತರಕ್ಕೆ ಕಾಯುವುದಿಲ್ಲ. ಅಷ್ಟು ಹೊತ್ತಿಗೆ ಅವರು ಹಾಜರಿ ಪುಸ್ತಕದ ಮುಂದೆ ಪೆನ್ನು ಹುಡುಕುತ್ತಿರುತ್ತಾರೆ.

ಈ ವಿಷಯದಲ್ಲಿ ಸಿಗುವ ಹಳೆಯ ಪುರಾವೆ ಬೇಲೂರಿನದು. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಗುಡಿಯಲ್ಲಿ ರೂವಾರಿಗಳು ತಾವು ಕಡೆದ ಮದನಿಕೆಯರ ಬಳಿ ಹೆಸರು, ಊರು, ಬಿರುದುಗಳನ್ನು ಕೆತ್ತಿಕೊಂಡಿದ್ದಾರೆ. ಬಳ್ಳಿಗಾವಿಯ ದಾಸೋಜನ ಮಗ ಚಾವಣ, ಎದುರಾಳಿ ರೂವಾರಿಗಳೆಂಬ ಮನ್ಮಥರಿಗೆ ತಾನು ಶಿವ ಎಂದು ಹೇಳಿಕೊಂಡಿದ್ದಾನೆ. ಸಹೋದ್ಯೋಗಿಗಳ ಬಗ್ಗೆ ಇಷ್ಟು ನೇರವಾದ ಮಾತು ಮುಂದಿನ ಒಂಬೈನೂರು ವರ್ಷಗಳಲ್ಲಿ ಯಾವ ಸಿಬ್ಬಂದಿ ಸಭೆಯ ನಡಾವಳಿಗೂ ಏರಿದಂತಿಲ್ಲ. ಆದರೆ ಹೆಮ್ಮೆಗೆ ಸಿಕ್ಕ ಕಲ್ಲು ಭುಜದ ನೋವಿಗೆ ಸಿಗಲಿಲ್ಲ. ಕೋತಿಯೊಂದು ಸೀರೆ ಎಳೆದಾಗ ಕಡ್ಡಿ ಎತ್ತಿ ಗದರಿಸುವ ಮದನಿಕೆ ಇಲ್ಲಿದ್ದಾಳೆ. ಅವಳಿಗೆ ಸಿಟ್ಟು ಮಾಡಿಕೊಳ್ಳಲು ಅನುಮತಿಯಿತ್ತು. ಅವಳನ್ನು ಕಡೆದವನಿಗೆ ಇತ್ತೇ ಎಂಬುದನ್ನು ಶಾಸನ ಹೇಳುವುದಿಲ್ಲ.

ಶಾಸನ ಸುಮ್ಮನಾದಲ್ಲಿ ಐತಿಹ್ಯ ಮಾತಾಡುತ್ತದೆ. ಅದೇ ಆವರಣದ ಕಪ್ಪೆ ಚೆನ್ನಿಗರಾಯನ ಕಥೆ ಈ ಶಾಸ್ತ್ರದ ಮೂಲಸ್ತಂಭ. ಶಿಲ್ಪಿ ಜಕಣಾಚಾರಿ ಕಡೆದ ವಿಗ್ರಹದಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳುತ್ತಾನೆ. ಮೈಗೆಲ್ಲ ಗಂಧ ಹಚ್ಚುತ್ತಾರೆ. ಹೊಕ್ಕುಳ ಬಳಿ ಬಿಟ್ಟು ಮಿಕ್ಕೆಲ್ಲ ಒಣಗುತ್ತದೆ. ಅಲ್ಲಿ ಉಳಿಯಿಟ್ಟರೆ ನೀರು, ನೀರಿನ ಜೊತೆ ಕಪ್ಪೆ. ದೋಷ ಸಿಕ್ಕರೆ ಕೈ ಕತ್ತರಿಸಿಕೊಳ್ಳುವೆನೆಂದಿದ್ದ ಆಚಾರಿ ಮಾತಿಗೆ ತಪ್ಪದೆ ಬಲಗೈ ಕತ್ತರಿಸಿಕೊಳ್ಳುತ್ತಾನೆ. ಜಕಣಾಚಾರಿ ಎಂಬ ಶಿಲ್ಪಿ ಇದ್ದನೆನ್ನಲು ಹೊಯ್ಸಳ ಶಾಸನಗಳ ಆಧಾರವಿಲ್ಲವೆಂದು ಇತಿಹಾಸಕಾರರು ತಕರಾರು ತೆಗೆಯುತ್ತಾರೆ. ಸಿದ್ಧಾಂತಕ್ಕೆ ಇದರಿಂದ ಬಾಧಕವಿಲ್ಲ. ಶಿಲ್ಪಿಗೆ ಶಾಸನ ಬೇಕು, ಕಪ್ಪೆಗೆ ಬೇಡ.

ಕಥೆಯಿಂದ ಕಚೇರಿಗಳು ಕಲಿತದ್ದು ಬೇರೆಯೇ. ಕಪ್ಪೆ ಎಲ್ಲರ ಹೊಟ್ಟೆಯಲ್ಲೂ ಇದೆ, ಅದು ಎಲ್ಲರಿಗೂ ಗೊತ್ತು. ಆದ್ದರಿಂದ ಯಾರೂ ಯಾರಿಗೂ ಗಂಧ ಹಚ್ಚತಕ್ಕದ್ದಲ್ಲ. ಹಿರಿಯರ ಕೆಲಸದಲ್ಲಿ ಕಿರಿಯರು ದೋಷ ಕಂಡರೆ ಮೊದಲು 'ತುಂಬಾ ಚೆನ್ನಾಗಿದೆ ಸಾರ್' ಎನ್ನಬೇಕು, ಆಮೇಲೆ ವರ್ಗಾವಣೆಗೆ ಕಾಯಬೇಕು. ಈ ನಿಯಮದಿಂದಾಗಿ ಸೀಮೆಯ ಅಧಿಕಾರಿಗಳೆಲ್ಲರ ಬಲಗೈ ಸುರಕ್ಷಿತವಾಗಿದೆ. ಸಹಿಗೆ ಅದು ಬೇಕು.

ಮುಚ್ಚಿಟ್ಟ ಕಪ್ಪೆ ಸುಮ್ಮನಿರುವುದಿಲ್ಲ ಎಂಬುದನ್ನು ಅಲಂಕಾರಶಾಸ್ತ್ರ ಮೊದಲೇ ಕಂಡುಕೊಂಡಿದೆ. ಭರತಮುನಿ ಎಣಿಸಿದ ಎಂಟು ಸಾತ್ತ್ವಿಕ ಭಾವಗಳೂ ತಾಲ್ಲೂಕು ಮಟ್ಟದಲ್ಲಿ ಲಭ್ಯ: ತಪಾಸಣೆಯ ದಿನ ಸ್ತಂಭ ಮತ್ತು ಸ್ವೇದ, ಮೇಲಿನವರ ಫೋನ್ ಬಂದಾಗ ಸ್ವರಭಂಗ, ವರ್ಗಾವಣೆ ಪಟ್ಟಿ ನೋಡುವಾಗ ವೇಪಥು ಎಂಬ ನಡುಕ, ಮಧ್ಯಾಹ್ನ ಮೂರರ ಸಭೆಯಲ್ಲಿ ಪ್ರಳಯವೆಂಬ ಮೂರ್ಛೆ. ಭರತನಿಗೆ ತಪ್ಪಿಹೋದದ್ದು ಒಂದೇ, ಗ್ಯಾಸ್ಟ್ರಿಕ್. ಈ ಸೀಮೆಯಲ್ಲಿ ಶೋಕ, ಭಯ, ಕ್ರೋಧ, ಜುಗುಪ್ಸೆ ನಾಲ್ಕೂ ಕೊನೆಗೆ ಇದರಲ್ಲೇ ಪರ್ಯವಸಾನಗೊಳ್ಳುತ್ತವೆ. ಮಾದರಿ ಪ್ರಸಂಗವೊಂದನ್ನು ಹೀಗೆ ನಿರೂಪಿಸಬಹುದು. ಬಡ್ತಿ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಗುಮಾಸ್ತರೊಬ್ಬರು ಎದೆಯ ಮೇಲೆ ಕೈಯಿಟ್ಟು ಕೂತಿರುತ್ತಾರೆ. 'ಯಾಕ್ ಸಾರ್, ಒಂಥರಾ ಇದೀರಾ?' 'ಏನಿಲ್ಲಮ್ಮ, ರಾತ್ರಿ ಅವರೆಕಾಳು ಸಾರು ಸ್ವಲ್ಪ ಜಾಸ್ತಿಯಾಯ್ತು.' ಅವರೆಕಾಯಿ ಸೊಗಡು ಮುಗಿದು ಆಗಲೇ ನಾಲ್ಕು ತಿಂಗಳಾಗಿರುತ್ತದೆ. ಕೇಳಿದಾಕೆಗೂ ಅದು ಗೊತ್ತು. ಆಕೆ ತನ್ನ ಬ್ಯಾಗಿನಿಂದ ಒಂದು ಮಾತ್ರೆ ತೆಗೆದುಕೊಡುತ್ತಾಳೆ. ಅದು ಸದಾ ಅಲ್ಲೇ ಇರುತ್ತದೆ, ಯಾಕೆಂದರೆ ಆಕೆಗೂ ಗ್ಯಾಸ್ಟ್ರಿಕ್.

ಹೊರದೇಶದ ವಿದ್ವಾಂಸರ ಮತ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಗ್ರಂಥದಲ್ಲಿ, ಗಗನಸಖಿಯರ ನಗುವೂ ಸಂಬಳಕ್ಕಾಗಿ ಮಾಡುವ ದುಡಿಮೆಯೇ ಎಂದು ತೋರಿಸಿಕೊಟ್ಟರು. ಇಲ್ಲಿ ಕೌಂಟರಿನ ಹಿಂದೆ ನಗುವಿಗೆ ಅಂಥ ಬೇಡಿಕೆಯಿಲ್ಲ. ನಕ್ಕರೆ ಜನ ಕೆಲಸ ಆಗಲಿಲ್ಲವೆಂದೇ ತಿಳಿಯುತ್ತಾರೆ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಪಟ್ಟಿಗಳನ್ನು ಆಡಳಿತಶಾಸ್ತ್ರದ ದೃಷ್ಟಿಯಿಂದ ಯಾರೂ ಓದದಿರುವುದು ಸೋಜಿಗ. ತಳದಲ್ಲಿ ಸಾಲು ಆನೆಗಳು, ಅವುಗಳ ಮೇಲೆ ಸಿಂಹ, ಕುದುರೆ, ಪುರಾಣ, ಮಕರ; ಎಲ್ಲದರ ಮೇಲೆ ಹಂಸ. ಪ್ರವಾಸಿಗಳು ಹಂಸವನ್ನು ಕತ್ತೆತ್ತಿ ನೋಡುತ್ತಾರೆ, ಆನೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಭಾರ ಹೇಗಿದೆ ಎಂದು ಕೇಳಿದವರಿಲ್ಲ. ಸೆಪ್ಟೆಂಬರ್ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆನೆಗಳ ಸ್ಥಾನದಲ್ಲಿ ಬದಲಾವಣೆಯಾಗಿಲ್ಲ.

ಹಳೇಬೀಡಿನ ಈ ಗುಡಿಯ ಆವರಣದಲ್ಲೇ ಗರುಡಗಂಬವಿದೆ. ಒಡೆಯನ ನಂತರ ಬದುಕಿರುವುದಿಲ್ಲವೆಂದು ಪ್ರತಿಜ್ಞೆ ಮಾಡಿದವರು ಗರುಡರು. ಇಮ್ಮಡಿ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಪತ್ನಿ ಮತ್ತು ಸಂಗಡಿಗರ ಸಮೇತ ಪ್ರಾಣ ಕೊಟ್ಟನೆಂದು ಈ ಕಂಬದ ಶಾಸನ ಸಾರುತ್ತದೆ. ನಿಷ್ಠೆಯನ್ನು ಅದು ಮನಸಾರೆ ಹೊಗಳುತ್ತದೆ. ಆ ಸಂಗಡಿಗರಲ್ಲಿ ಯಾರಿಗಾದರೂ ಬೇಡವೆನಿಸಿತ್ತೇ ಎಂದು ವಿಚಾರಿಸಿದ ಉಲ್ಲೇಖ ಇಲ್ಲ. 'ಸಂಸ್ಥೆಯೇ ನಮ್ಮ ಕುಟುಂಬ' ಎಂಬ ಫಲಕ ತೂಗುಹಾಕುವ ವ್ಯವಸ್ಥಾಪಕರು ಒಮ್ಮೆ ಈ ಕಂಬವನ್ನು ನೋಡಿ ಬರುವುದು ಒಳ್ಳೆಯದು.

ಅರಸೀಕೆರೆಯಲ್ಲಿ ಮಾತ್ರ ಪರಿಸ್ಥಿತಿ ಭಿನ್ನ, ಅದು ಜಂಕ್ಷನ್. ರೈಲಿನಲ್ಲಿ ದಿನವೂ ಓಡಾಡುವ ನೌಕರರು ಸಹೋದ್ಯೋಗಿಗೆ ಹತ್ತು ವರ್ಷದಲ್ಲಿ ಹೇಳದ್ದನ್ನು ಪಕ್ಕದ ಸೀಟಿನ ಅಪರಿಚಿತರಿಗೆ ಬಾಣಾವರ ದಾಟುವಷ್ಟರಲ್ಲಿ ಹೇಳಿ ಮುಗಿಸುತ್ತಾರೆ. ಕೇಳಿಸಿಕೊಂಡವರು ಕಡೂರಿನಲ್ಲಿ ಇಳಿದುಹೋಗುತ್ತಾರೆ ಎಂಬುದೇ ಇದರ ಅನುಕೂಲ. ರೈಲು ಓಡಿಸುವವರಿಗೆ ಆ ಸೌಲಭ್ಯವಿಲ್ಲ. ಅವರು ಡ್ಯೂಟಿಗೆ ಹಾಜರಾಗುವಾಗ ಯಂತ್ರಕ್ಕೆ ಊದಬೇಕು. ಮದ್ಯವಿದ್ದರೆ ಅದು ಕೂಗುತ್ತದೆ, ದುಃಖಕ್ಕೆ ಕೂಗುವುದಿಲ್ಲ.

ಸರ್ಕಾರ ಕೈಕಟ್ಟಿ ಕೂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ಮಾನಸಿಕ ಚಿಕಿತ್ಸೆಯನ್ನು ಹಕ್ಕಾಗಿಸಿದೆ, ರೋಗಿಯ ವಿಷಯ ಗುಟ್ಟಾಗಿರಬೇಕೆಂದೂ ವಿಧಿಸಿದೆ. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಾಯಿತು. ಮಂಗಳವಾರ ಯಾವುದನ್ನೂ ಶುರು ಮಾಡಬಾರದೆಂದು ನಂಬಿದ ಸೀಮೆಯಲ್ಲಿ ಇದು ಧೈರ್ಯದ ಆಯ್ಕೆ. ಗುಟ್ಟಿನ ಕಥೆಯೂ ಅಷ್ಟಕ್ಕಷ್ಟೆ: ಚೀಟಿ ಬರೆಸುವ ಸಾಲಿನಲ್ಲಿ ಭಾವಮೈದುನನಾದರೂ ಸಿಗುತ್ತಾನೆ, ಅವನಾದರೋ ಗ್ಯಾಸ್ಟ್ರಿಕ್‌ಗೆ ಬಂದಿರುತ್ತಾನೆ.

ಅಕ್ಟೋಬರ್ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಉಳಿಯುವುದು ಎಲ್ಲಿ ನಿಂತು ಮಾತಾಡುವುದೆಂಬ ಪ್ರಶ್ನೆ. ದಾಖಲೆ ಕೋಣೆಯಲ್ಲಿ ಸಿಗ್ನಲ್ ಇಲ್ಲ, ಮೆಟ್ಟಿಲ ಮೇಲೆ ಜನ. ಶಾಸ್ತ್ರಸಮ್ಮತವಾದ ಜಾಗ ಕಟ್ಟಡದ ಹಿಂದಿನ ಸ್ಕೂಟರ್ ಶೆಡ್ಡು. ಅಲ್ಲಿ ಲೆಕ್ಕಪತ್ರ ವಿಭಾಗದವರೊಬ್ಬರು ಮೊದಲೇ ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದರೆ, ಕಾಫಿ ಕುಡಿದು ಹತ್ತು ನಿಮಿಷ ಬಿಟ್ಟು ಬರತಕ್ಕದ್ದು.