ರೋಜರ್ ಅಂಕಲ್

ಮುಂಬೈಯ ಜೋಗೇಶ್ವರಿ ಪೂರ್ವದ ಹೌಸಿಂಗ್ ಸೊಸೈಟಿಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಲೆಟರ್‌ಬಾಕ್ಸಿನ ಮೇಲೆ ಶೆಟ್ಟಿಯೋ ರಾವೋ ಇರಲಿ, ಮಕ್ಕಳ ಬಾಯಲ್ಲಿ ಅವರು ರೋಜರ್ ಅಂಕಲ್. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಟ್ರೆಕ್ಕಿಂಗ್ ಹುಚ್ಚು ಹತ್ತಿತು. ಸಹ್ಯಾದ್ರಿಯ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಟ್ಟ ದಿನ ರೇಡಿಯೋ ಹುಚ್ಚು ಹತ್ತಿತು. ಮೊದಲನೆಯದು ಮಳೆಗಾಲಕ್ಕೆ ಮಾತ್ರ, ಎರಡನೆಯದಕ್ಕೆ ಕಾಲವಿಲ್ಲ.

ವಿಳಾಸ ಕೇಳಿ ನೋಡಿ. "ಜೂಲಿಯೆಟ್, ಆಸ್ಕರ್, ಗಾಲ್ಫ್, ಎಕೋ, ಸಿಯೆರಾ, ಹೋಟೆಲ್, ವಿಸ್ಕಿ, ಆಲ್ಫಾ, ರೋಮಿಯೋ, ಇಂಡಿಯಾ!" ಗದ್ದಲದಲ್ಲಿ ಜೆ ಯಾವುದು, ಜಿ ಯಾವುದು ಎಂದು ಗೊಂದಲವಾಗಬಾರದೆಂದು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಅಕ್ಷರ ಬಿಡಿಸುವ ಕ್ರಮ ಇದು. ಗ್ಯಾಸ್ ಏಜೆನ್ಸಿಯವನಿಗೂ ಇದೇ ಯಾಕೆ ಬೇಕೋ! ಕಾರ್ಕಳದಿಂದ ಬಂದಿದ್ದ ಅತ್ತೆಗೆ ಒಳಕೋಣೆಯಲ್ಲಿ ಕೇಳಿಸಿದ್ದು ನಡುವಿನ ಎರಡೇ ಶಬ್ದ. "ಹೋಟ್ಲಂತೆ, ವಿಸ್ಕಿಯಂತೆ! ಈ ಪ್ರಾಯದಲ್ಲಿ ಇವರಿಗೆ ಇದೆಂತದು ಮಗಾ?"

ಅಂಕಲ್ ಇನ್ನೂ ಹ್ಯಾಮ್ ಆಗಿಲ್ಲ ಎಂಬುದು ಸೊಸೈಟಿಗೇ ಗೊತ್ತಿರುವ ಗುಟ್ಟು. ಹ್ಯಾಮ್ ಸೆಟ್ಟಿಗೆ ಪರವಾನಗಿ ಬೇಕು. ಪರವಾನಗಿಯಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪು. ಪರವಾನಗಿಗೆ ಪರೀಕ್ಷೆ ಬರೆಯಬೇಕು. ಸುಲಭದ ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಬೇಡ, ಕರೆಚಿಹ್ನೆ ವಿಯು3ರಿಂದ ಶುರು. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ಮೋರ್ಸ್ ಬರಬೇಕು, ಅದಕ್ಕೆ ವಿಯು2. "ರಾಜೀವ್ ಗಾಂಧಿಯವರದ್ದು ವಿಯು2ಆರ್‌ಜಿ. ನಾನು ಮೂರಕ್ಕೆ ಇಳಿಯುವುದಾ?" ಎನ್ನುತ್ತ ಊಟದ ತಟ್ಟೆಯ ಮೇಲೆ ಚಮಚದಿಂದ ಡಾ-ಡಿಟ್ ಬಾರಿಸುತ್ತಾರೆ. ಅನ್ನ ಕೇಳುತ್ತಿದ್ದಾರೆಂದು ಹೆಂಡತಿ ಬಡಿಸುತ್ತಾರೆ.

ಅಲ್ಲಿಯವರೆಗೆ ಟ್ರೆಕ್ಕಿಗೆ ಪರವಾನಗಿ ಬೇಡದ 446 ಮೆಗಾಹರ್ಟ್ಸಿನ ಸಣ್ಣ ಸೆಟ್ಟುಗಳು. ಅವನ್ನು ಆಟಿಕೆ ಎಂದು ಬೈಯುವುದೂ ಅಂಕಲ್, ಕರ್ಜತ್ ಲೋಕಲ್‌ನಲ್ಲಿ ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದೂ ಅಂಕಲ್. "ಗುಂಡಿ ಒತ್ತಿ, ಒಂದು ಕ್ಷಣ ತಡೆದು ಮಾತಾಡಿ, ಮಾತು ಮುಗಿದ ಮೇಲೇ ಕೈ ಬಿಡಿ" ಎಂಬ ಉಪದೇಶ ದಾದರಿನಿಂದ ಕಲ್ಯಾಣದವರೆಗೆ ನಡೆಯುತ್ತದೆ. ಉಪದೇಶ ಸರಿಯಾದದ್ದೇ. ರಾಜಮಾಚಿಯ ದಾರಿಯಲ್ಲಿ, ಮುಂದೆ ಓಡಿದ್ದ ಮೂರನೇ ಮಹಡಿಯ ಹುಡುಗ ಅವಸರಕ್ಕೆ ಗುಂಡಿ ಬಿಟ್ಟುಬಿಟ್ಟ.

"ಅಂಕಲ್, ಎಡಗಡೆ ದಾರಿಯಲ್ಲಿ ಬರಬೇ..."

"ಬರಬೇಕಾ, ಬರಬೇಡವಾ? ಓವರ್!"

ಹುಡುಗ ಎದುರಿನ ಬಂಡೆಯ ಮೇಲೇ ನಿಂತಿದ್ದ. "ಬೇಡ ಅಂಕಲ್, ಕೆಸರು!" ಎಂದು ಕೂಗಿದ. ಎಲ್ಲರಿಗೂ ಕೇಳಿಸಿತು. ಅಂಕಲ್ ಮಾತ್ರ ಕದಲಲಿಲ್ಲ.

"ಬಾಯಲ್ಲಿ ಹೇಳಬೇಡ. ಸೆಟ್ಟಲ್ಲಿ ಹೇಳು!"

ಮಳೆಯಲ್ಲಿ ತೊಯ್ಯುತ್ತ ಗುಂಪು ಕಾಯಿತು. ಸೆಟ್ಟಿನಲ್ಲಿ "ಬೇಡ, ಓವರ್" ಬಂದ ಮೇಲೇ "ರೋಜರ್" ಎಂದು ಬಲಕ್ಕೆ ತಿರುಗಿದರು.

ಪರೀಕ್ಷೆಗೆ 12 ವರ್ಷ ತುಂಬಿದರೆ ಸಾಕು. ಆ ಹುಡುಗ ಸದ್ದಿಲ್ಲದೆ ಬರೆದು ವಿಯು3 ತಂದುಕೊಂಡ. "ಮೋರ್ಸ್ ಇಲ್ಲದ್ದು ಎಂತಹ ರೇಡಿಯೋ?" ಎಂದು ಅಂಕಲ್ ಎರಡು ದಿನ ಲಿಫ್ಟಿನಲ್ಲಿ ಮುಖ ತಿರುಗಿಸಿದರು. ಈಗ ಅವನು ಯಾರ ಜೊತೆ ಮಾತಾಡಿದ, ಎಷ್ಟು ದೂರ ಕೇಳಿಸಿತು ಎಂದು ರಾತ್ರಿ ರಾತ್ರಿ ವಿಚಾರಿಸುತ್ತಾರೆ. ವಾಟ್ಸಾಪಿನಲ್ಲಿ.