ಓಟಿಪಿ ಬಂತಾ ಅಣ್ಣಾ?

2021ರಲ್ಲಿ ರಾಜ್ಯಕ್ಕೆ ಬಂದ ಹೊಸ ಶಿಕ್ಷಣ ನೀತಿ, ಬಿ.ಕಾಂ. ಹುಡುಗರ ಪಠ್ಯದೊಳಗೆ ಇಂಟರ್ನ್‌ಶಿಪ್ಪನ್ನೂ ತಂದು ಕೂರಿಸಿತು. ನೀತಿ ಬರೆದವರ ಕಣ್ಣಮುಂದೆ ಬೆಂಗಳೂರಿನ ಗಾಜಿನ ಕಟ್ಟಡಗಳಿದ್ದವೋ ಏನೋ. ಹಾಸನದಲ್ಲಿ ಓದುತ್ತಿದ್ದ ನಮ್ಮ ಕಣ್ಣಮುಂದೆ ಇದ್ದದ್ದು ಬಿ.ಎಂ. ರಸ್ತೆ. ಅಲ್ಲಿನ ಮಹಡಿ ಮೆಟ್ಟಿಲುಗಳ ಬಳಿ ‘ತೆರಿಗೆ ಸಲಹೆಗಾರರು’ ಎಂಬ ಬೋರ್ಡು, ಅದರಡಿ ಜಿಎಸ್‌ಟಿ, ಪಾನ್ ಕಾರ್ಡ್, ವಾಹನ ವಿಮೆ. ಹತ್ತಿ ಹೋಗಿ ಬಯೋಡೇಟಾ ಕೊಟ್ಟರೆ ಒಂದೇ ಪ್ರಶ್ನೆ: “ಅನುಭವ ಇದೆಯಾ?” ಅನುಭವ ಬೇಕೆಂದೇ ಬಂದವನನ್ನು ಹೀಗೆ ಕೇಳಿದರೆ ಏನು ಹೇಳುವುದು!

ಹೊಳೆನರಸೀಪುರದ ಅಂಥದೇ ಆಫೀಸಿನಲ್ಲಿ ಅನುಭವದ ಮಾತೇ ಬರಲಿಲ್ಲ. “ಯಾವೂರಪ್ಪ? ಯಾರ ಮಗ?” ಎಂದು ಶುರುಮಾಡಿದ ಹಿರಿಯರು ಅರ್ಧ ಗಂಟೆಯಲ್ಲಿ ನಮ್ಮ ಚಿಕ್ಕಮ್ಮನನ್ನು ಕೊಟ್ಟ ಊರಿಗೂ ತಮ್ಮ ಮಾವನ ಮನೆಗೂ ನಂಟು ಹುಡುಕಿಬಿಟ್ಟರು. ಕಾಫಿ ಬಂತು, ಖಾರದ ಬೋಂಡ ಬಂತು. ಆಮೇಲೆ, “ಬೀಗರ ಪೈಕಿ ಹುಡುಗನ ಕೈಲಿ ಫೈಲು ಹೊರಿಸಿದ್ರೆ ನಿಮ್ಮೋರು ಏನಂದ್ಕೋತಾರೆ?” ಎಂದು ಬಸ್‌ಸ್ಟ್ಯಾಂಡಿನವರೆಗೂ ಬಂದು ಕಳಿಸಿಕೊಟ್ಟರು.

ಅರಕಲಗೂಡಿಗೆ ಸೋದರಮಾವನೇ ಕರೆದುಕೊಂಡು ಹೋದ. ತಂಬಾಕು, ಗೊಬ್ಬರ, ಆಲೂಗಡ್ಡೆ ವ್ಯಾಪಾರದವರ ಲೆಕ್ಕ ಬರೆಯುವ ಆಫೀಸು. ಆಫೀಸಿನ ಯಜಮಾನರಿಗಿದ್ದ ಅನುಮಾನ ಒಂದೇ: “ಇದಕ್ಕೆ ನಾನು ಸಂಬಳ ಕೊಡಬೇಕೋ, ನೀನು ಫೀಸು ಕೊಡಬೇಕೋ?” ಮಾವನಿಗೂ ಗೊತ್ತಿರಲಿಲ್ಲ. ವಿಚಾರಿಸಿ ಬರುತ್ತೇವೆಂದು ಎದ್ದೆವು.

ಕೊನೆಗೆ ಚನ್ನರಾಯಪಟ್ಟಣದ ಆಡಿಟ್ರು (ತೆರಿಗೆ ಕಾಗದ ಮುಟ್ಟಿದವರೆಲ್ಲ ನಮ್ಮ ಕಡೆ ಆಡಿಟ್ರೇ) ನನ್ನ ಬಯೋಡೇಟಾವನ್ನು ತಿರುಗಿಸಿ, ಹಿಂಬದಿ ಖಾಲಿ ಇದೆಯೆಂದು ಖಾತ್ರಿಮಾಡಿಕೊಂಡು, ಅದರ ಮೇಲೆ ಏನೋ ಕೂಡುತ್ತ ಕೇಳಿದರು: “ಫೋನಲ್ಲಿ ಮಾತಾಡಕ್ಕೆ ಬರುತ್ತಾ?”

“ಯಸ್ ಸರ್, ಐ ಕ್ಯಾನ್...”

“ಇಂಗ್ಲಿಷಲ್ಲ ಕಣಯ್ಯ. ಕೊಬ್ಬರಿ ವ್ಯಾಪಾರಿಗಳ ಹತ್ರ.”

ಸೇರಿದೆ. ಪಡೆದವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್ ಎಂದು ಮೂರು ವರ್ಷ ಉರುಹೊಡೆದಿದ್ದೆ. ಟ್ಯಾಲಿಯಲ್ಲಿ ಎಫ್5 ಒತ್ತಿದರೆ ಪೇಮೆಂಟು, ಎಫ್8 ಒತ್ತಿದರೆ ಸೇಲ್ಸು ಎಂಬುದೂ ಗೊತ್ತಿತ್ತು. ಆದರೆ ಬಿಲ್ಲುಗಳು ಬರುತ್ತಿದ್ದದ್ದು ಯೂರಿಯಾ ಚೀಲದಲ್ಲಿ. ಕೆಲವು ಅಂಗಿ ಜೇಬಿನಲ್ಲೇ ಒಗೆತ ಕಂಡು, ಒಣಗಿ, ಗರಿಗರಿಯಾಗಿರುತ್ತಿದ್ದವು. ಗಾಣದ ಯಜಮಾನರೊಬ್ಬರ ತಕರಾರು ಬೇರೆ: ತೆಂಗಿನಕಾಯಿಗೆ ತೆರಿಗೆ ಇಲ್ಲ, ಕೊಬ್ಬರಿ ಎಣ್ಣೆಗೆ ಶೇಕಡ 5. “ಕಾಯಿ ನಂದು, ಗಾಣ ನಂದು. ಹಿಂಡಿದ್ದಕ್ಕೆ ದಂಡನಾ?” ಇದಕ್ಕೆ ಉತ್ತರ ನನ್ನ ಪಠ್ಯಪುಸ್ತಕದಲ್ಲಿರಲಿಲ್ಲ.

ನನ್ನ ನಿಜವಾದ ಕೆಲಸ ತಿಂಗಳ 20ನೇ ತಾರೀಖಿನದು. ಅಂದು ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ, ವ್ಯಾಪಾರವೇ ಇಲ್ಲದವರಿಗೆ 20. ಎಲ್ಲ ತುಂಬಿ ಮುಗಿಸಿದ ಮೇಲೆ ಓಟಿಪಿ ಹೋಗುವುದು ಮಾಲೀಕರ ಮೊಬೈಲಿಗೆ. ಮಾಲೀಕರು ತೋಟದಲ್ಲಿ.

“ಅಣ್ಣಾ, ಆರಂಕಿ ಓಟಿಪಿ ಬಂತಾ?”

“ಬಂದದೆ. ಯಾರ್ಗೂ ಹೇಳ್ಬೇಡಿ ಅಂತ ಬ್ಯಾಂಕ್ನೋರು ಹೇಳವ್ರೆ.”

“ನಾನು ಆಡಿಟ್ರ ಆಫೀಸಿನೋನು ಅಣ್ಣಾ.”

“ಕಳ್ರೂ ಹಂಗೇ ಹೇಳೋದು.”

ಇನ್ನೇನು ಮಾಡಲಿ, ನಮ್ಮೂರು, ನಮ್ಮ ತಾತನ ಹೆಸರು, ಚಿಕ್ಕಮ್ಮನನ್ನು ಕೊಟ್ಟ ಊರು ಎಲ್ಲ ಒಪ್ಪಿಸಿದೆ. “ಓಹೋ, ಅವ್ರ ಮೊಮ್ಮಗನಾ! ಮೊದ್ಲೇ ಹೇಳ್ಬಾರ್ದಾ!” ಎಂದವರು ತಾತನ ಮಂಡಿನೋವು ವಿಚಾರಿಸಿ, ಮಳೆ ವಿಚಾರಿಸಿ, ಕನ್ನಡಕ ತರಿಸಿ, ಒಂದೊಂದೇ ಅಂಕಿ ಓದಿದರು. ಅಷ್ಟರಲ್ಲಿ ಓಟಿಪಿಯ ಆಯಸ್ಸು ತೀರಿತ್ತು. ಎರಡನೆಯದನ್ನು ಮಾತ್ರ ಕೇಳುವ ಮೊದಲೇ ಹೇಳಿದರು. ಆಮೇಲಿನ ತಿಂಗಳುಗಳಲ್ಲಿ ಸಾಹೇಬರ ಫೋನೆತ್ತದವರೂ ನನ್ನದನ್ನು ಎತ್ತುತ್ತಿದ್ದರು. ಹೊಳೆನರಸೀಪುರದಲ್ಲಿ ಕೆಲಸ ತಪ್ಪಿಸಿದ ವಂಶವೃಕ್ಷ ಇಲ್ಲಿ ಕೆಲಸಕ್ಕೆ ಬಂತು.

ಕಾಲೇಜಿಗೆ ಸರ್ಟಿಫಿಕೇಟ್ ಬೇಕೆಂದಾಗ ಸಾಹೇಬರು, “ನೀನೇ ಟೈಪ್ ಮಾಡ್ಕೊಂಬಾ, ಸೀಲ್ ಹಾಕ್ತೀನಿ” ಎಂದರು. ಲೆಕ್ಕಶಾಸ್ತ್ರದಲ್ಲಿ ನನ್ನ ಪರಿಣತಿ ‘ಅತ್ಯುತ್ತಮ’ ಎಂದು ಧಾರಾಳವಾಗಿ ಬರೆದುಕೊಂಡೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿ, ‘ಅತ್ಯು’ ಹೊಡೆದುಹಾಕಿ ‘ಉ’ ಸೇರಿಸಿ, ಸೀಲು ಗುದ್ದಿದರು.

“ಅತ್ಯುತ್ತಮ ಅಂದ್ರೆ ನಿಮ್ ಮೇಷ್ಟ್ರು ನನ್ಗೇ ಫೋನ್ ಮಾಡ್ತಾರೆ ಕಣಯ್ಯ.”